ಮಾತ್ರೆಯ ದಿನಗಳನ್ನು ಎಣಿಸಿದ ವರ್ಷ

"ಮಾತ್ರೆ ನುಂಗಿಯೇ ಈ ಗತಿ. ಬಿಟ್ಟರೆ ಇನ್ನೇನಾಗುತ್ತೀಯೋ?" ಎಂದು, ತಲೆನೋವಿನ ಮಾತ್ರೆ ನಿಲ್ಲಿಸುತ್ತೇನೆ ಎಂದಾಗ ಅಮ್ಮ ಕೇಳಿದ್ದರು. ಅಣ್ಣ ಇದನ್ನು ಹುಚ್ಚು ಸಾಹಸ ಎಂದಿದ್ದ. ಅಲ್ಲಿಯವರೆಗೆ ನಾನು ಕಂಡಿದ್ದ ವೈದ್ಯರಲ್ಲಿ ಇಬ್ಬರು, ನೋವು ಬಂದಾಗ ತಡೆದುಕೊಳ್ಳದೆ ಕೂಡಲೇ ಮಾತ್ರೆ ತೆಗೆದುಕೊಳ್ಳಿ ಎಂದೇ ಹೇಳಿ ಕಳುಹಿಸಿದ್ದರು. ಈಗ 14 ತಿಂಗಳು ಕಳೆದಿವೆ. ತಿಂಗಳಿಗೆ 26-27 ದಿನ ಕಾಡುತ್ತಿದ್ದ ತಲೆನೋವು 4-5 ದಿನಕ್ಕೆ ಇಳಿದಿದೆ. ಅಂದು ನಂಬದವರೇ ಇಂದು ಏನು ಮಾಡಿದೆ ಎಂದು ಕೇಳುತ್ತಿದ್ದಾರೆ. ನೋವು ಬಂದ ದಿನಗಳನ್ನು ಬರೆದಿಡುವ ದಿನಚರಿ, ಮೈಗ್ರೇನ್ ಬಂದಾಗ ತೆಗೆದುಕೊಳ್ಳುವ ಟ್ರಿಪ್ಟಾನ್, ನೋವು ಬರದಂತೆ ದಿನವೂ ತೆಗೆದುಕೊಳ್ಳುವ ತಡೆ ಔಷಧ ಇವೆಲ್ಲ ವರ್ಷಗಟ್ಟಲೆ ತಲೆನೋವಿನೊಂದಿಗೆ ಬದುಕಿದವರಿಗೆ ಹೊಸದಲ್ಲ. ಆದ್ದರಿಂದ ಅವನ್ನು ವಿವರಿಸುತ್ತಾ ಕೂರುವುದಿಲ್ಲ. ನಾನು ಎಡವಿದ ಜಾಗಗಳನ್ನೇ ಹೆಚ್ಚು ಬರೆಯುತ್ತೇನೆ.

ನನ್ನದು ಮೂಲತಃ ಮೈಗ್ರೇನ್. ಮೊದಮೊದಲು ತಿಂಗಳಿಗೆ ಎರಡು ಸಲ ಬರುತ್ತಿತ್ತು. ಎಡ ಹುಬ್ಬಿನ ಮೇಲೆ ಶುರುವಾಗಿ, ಓಕರಿಕೆ ತಂದು, ಮರುದಿನ ಹೋಗುತ್ತಿತ್ತು. ಯಾವಾಗ ಅದು ದಿನನಿತ್ಯದ್ದಾಯಿತು ಎಂದು ಖಚಿತವಾಗಿ ಹೇಳಲಾರೆ. ಒಂದು ಘಟ್ಟದ ನಂತರ ತಲೆಯ ಸುತ್ತ ಪಟ್ಟಿ ಬಿಗಿದಂತೆ, ಕಣತಲೆ ಒತ್ತಿ ಹಿಡಿದಂತೆ, ಬೆಳಗ್ಗೆ ಕಣ್ಣು ಬಿಡುವ ಮುಂಚೆಯೇ ನೋವು ಕಾದು ಕುಳಿತಿರುತ್ತಿತ್ತು. ಹೀಗೆ ಸುಮಾರು ಒಂಬತ್ತು ವರ್ಷ.

ಆ ಒಂಬತ್ತು ವರ್ಷಗಳಲ್ಲಿ ಖರ್ಚಾದ ಹಣವನ್ನು ಒಮ್ಮೆ ಕೂಡಿಸಿ ನೋಡಿದೆ. ಹತ್ತಿರ ಹತ್ತಿರ ಒಂದು ವರ್ಷದ ಸಂಬಳ. ಕನ್ನಡಕ ಮೂರು ಸಲ ಬದಲಾಯಿತು. ರಾತ್ರಿ ಹಲ್ಲು ಕಡಿಯುತ್ತೀರಿ, ಅದರಿಂದಲೇ ನೋವು ಎಂದು ಒಬ್ಬರು ಹೇಳಿದರೆಂದು ಹಲ್ಲಿಗೆ ಅಚ್ಚು ಮಾಡಿಸಿಕೊಂಡೆ. ಇನ್ನೊಬ್ಬರು ಸೈನಸ್ ಎಂದರು. ಮೂಗಿನ ನಡುಗೋಡೆ ಸೊಟ್ಟಗಿದೆ ಎಂದು ಶಸ್ತ್ರಚಿಕಿತ್ಸೆಯನ್ನೂ ಮಾಡಿದರು. ಎರಡೂವರೆ ತಿಂಗಳ ಸಂಬಳ ಅಲ್ಲಿಗೇ ಹೋಯಿತು. ಉಸಿರಾಟ ಸರಾಗವಾಯಿತು, ಅದನ್ನು ಅಲ್ಲಗಳೆಯುವುದಿಲ್ಲ. ತಲೆನೋವು ಮಾತ್ರ ಮೂರನೆಯ ವಾರಕ್ಕೆ ತನ್ನ ಜಾಗಕ್ಕೆ ಬಂದು ಕುಳಿತಿತು. ಸೈನಸ್ ಎಂದು ಹೆಸರಿಟ್ಟ ಎಷ್ಟೋ ತಲೆನೋವುಗಳು ನಿಜಕ್ಕೂ ಮೈಗ್ರೇನ್ ಆಗಿರುತ್ತವೆ ಎಂಬುದು ನನಗೆ ತಿಳಿದದ್ದು ಹಣ ಕಟ್ಟಿ ಮುಗಿದ ಮೇಲೆ. ಎಂಆರ್‌ಐ ಎರಡು ಸಲ ಆಯಿತು. ಮೊದಲನೆಯದು ಬೇಕಿತ್ತು. ಎರಡನೆಯದು ನನ್ನ ಹಟಕ್ಕೆ ಮಾಡಿಸಿದ್ದು. ವೈದ್ಯರು ಬೇಡವೆಂದರೂ ಕೇಳಲಿಲ್ಲ. ಎರಡರಲ್ಲೂ ಏನೂ ಕಾಣಲಿಲ್ಲ. ಆ ಎರಡನೆಯ ಹಣ ಇಂದಿಗೂ ಹೊಟ್ಟೆ ಉರಿಸುತ್ತದೆ.

ತಡೆ ಔಷಧಗಳಲ್ಲೂ ಸೋತಿದ್ದೆ. ಪ್ರೊಪ್ರನೊಲಾಲ್ ತೆಗೆದುಕೊಂಡಾಗ ನಾಡಿ 50ರ ಹತ್ತಿರಕ್ಕೆ ಇಳಿದು, ಎರಡು ಮಹಡಿ ಹತ್ತುವುದರೊಳಗೆ ಕಾಲು ಸೋಲುತ್ತಿತ್ತು. ಟೊಪಿರಮೇಟ್ ಅನ್ನು ವಾರಕ್ಕೆ 25 ಮಿಲಿಗ್ರಾಂನಂತೆ ಏರಿಸುತ್ತಾ 75ಕ್ಕೆ ಮುಟ್ಟಿದ್ದೆ. ಬೆರಳ ತುದಿಗಳು ಜುಮುಗುಡುವುದನ್ನು ಸಹಿಸಿಕೊಂಡೆ. ಆದರೆ ಕಚೇರಿಯ ಸಭೆಯಲ್ಲಿ ಮಾತಿನ ಮಧ್ಯೆ ತೀರಾ ಸಾಮಾನ್ಯ ಪದವೊಂದು ನಾಲಿಗೆಗೆ ಬಾರದೆ ನಿಂತುಬಿಟ್ಟೆ. ಮಾತೇ ನನ್ನ ಹೊಟ್ಟೆಪಾಡು. ಆ ವಾರವೇ ವೈದ್ಯರನ್ನು ಕಂಡು ಅದನ್ನು ಇಳಿಸಿ ನಿಲ್ಲಿಸಿದೆ. ಆ ಔಷಧ ಒಗ್ಗಿದವರನ್ನೂ ಬಲ್ಲೆ. ನನಗೆ ಒಗ್ಗಲಿಲ್ಲ, ಅಷ್ಟೇ.

ತಿರುವು ಬಂದದ್ದು ಒಂದು ಪ್ರಶ್ನೆಯಿಂದ. ಹೊಸದಾಗಿ ಕಂಡ ನರರೋಗ ತಜ್ಞರು ನನ್ನ ಕಡತದ ಗಂಟನ್ನು ಬಿಚ್ಚಲೇ ಇಲ್ಲ. "ಕಳೆದ ತಿಂಗಳು ಎಷ್ಟು ದಿನ ನೋವಿನ ಮಾತ್ರೆ ನುಂಗಿದಿರಿ?" ಎಂದಷ್ಟೇ ಕೇಳಿದರು. ಹತ್ತು ಹನ್ನೆರಡು ದಿನ ಇರಬಹುದು ಎಂದೆ. ಸುಳ್ಳು ಹೇಳುವ ಉದ್ದೇಶ ಇರಲಿಲ್ಲ, ಹಾಗೆಂದೇ ನಂಬಿದ್ದೆ. ಮನೆಗೆ ಬಂದು ಕೈಚೀಲ, ಕಚೇರಿಯ ಮೇಜಿನ ಖಾನೆ, ಹಾಸಿಗೆಯ ಪಕ್ಕದ ಡಬ್ಬಿ ಎಲ್ಲ ಕಡೆಯ ಮಾತ್ರೆಯ ಖಾಲಿ ಪಟ್ಟಿಗಳನ್ನು ರಾಶಿ ಹಾಕಿ ಎಣಿಸಿದೆ. ಅರವತ್ತಕ್ಕೂ ಹೆಚ್ಚು ಮಾತ್ರೆ! ಹೇಗೆ ಲೆಕ್ಕ ಹಾಕಿದರೂ ತಿಂಗಳಿಗೆ 22-23 ದಿನಕ್ಕೆ ಕಡಿಮೆಯಾಗಲಿಲ್ಲ. ಒಂಬತ್ತು ವರ್ಷ ನೋವನ್ನು ಎಣಿಸಿದ್ದೆ, ಮಾತ್ರೆಯನ್ನು ಒಂದು ತಿಂಗಳೂ ಎಣಿಸಿರಲಿಲ್ಲ.

ನಾನು ನುಂಗುತ್ತಿದ್ದದ್ದು ಆಸ್ಪಿರಿನ್, ಪ್ಯಾರಾಸಿಟಮಾಲ್ ಮತ್ತು 65 ಮಿಲಿಗ್ರಾಂ ಕೆಫೀನ್ ಸೇರಿದ ಮಿಶ್ರಣ. ಮೈಗ್ರೇನ್ ಇರುವವರು ಇಂಥ ಮಿಶ್ರಣವನ್ನಾಗಲಿ ಟ್ರಿಪ್ಟಾನ್ ಅನ್ನಾಗಲಿ ಮೂರು ತಿಂಗಳಿಗೂ ಮೀರಿ, ತಿಂಗಳಿಗೆ 10 ದಿನ ಅಥವಾ ಹೆಚ್ಚು ತೆಗೆದುಕೊಂಡರೆ ಔಷಧವೇ ತಲೆನೋವನ್ನು ಸಾಕತೊಡಗಬಹುದು. ಬರೀ ಪ್ಯಾರಾಸಿಟಮಾಲ್‌ನಂಥದ್ದಕ್ಕೆ ಈ ಗೆರೆ 15 ದಿನ. ನಾನು ಎರಡೂ ಗೆರೆಗಳನ್ನು ದಾಟಿ ಎಷ್ಟೋ ವರ್ಷಗಳಾಗಿದ್ದವು. ಬೇಲಿಯೇ ಎದ್ದು ಹೊಲ ಮೇಯುತ್ತಿತ್ತು. ಅಷ್ಟು ದಿನ ಬೆಳೆ ಏಕೆ ಬರುತ್ತಿಲ್ಲ ಎಂದು ನಾನು ಮಣ್ಣನ್ನು ಪರೀಕ್ಷೆ ಮಾಡಿಸುತ್ತಿದ್ದೆ.

ನಿಲ್ಲಿಸುವುದು ಮೊದಲ ಸಲಕ್ಕೇ ಆಗಲಿಲ್ಲ. ಮೊದಲ ಪ್ರಯತ್ನದಲ್ಲಿ ಕೆಲಸದ ವಾರದ ನಡುವೆ, ಹುಮ್ಮಸ್ಸಿನಲ್ಲಿ ಮಾತ್ರೆಯ ಜೊತೆಗೆ ಕಾಫಿಯನ್ನೂ ಒಂದೇ ದಿನ ಬಿಟ್ಟೆ. ಅದು ದೊಡ್ಡ ತಪ್ಪು. ಕೆಫೀನ್ ಬಿಟ್ಟದ್ದರ ತಲೆನೋವು ಒಂದು ದಿನದೊಳಗೆ ಶುರುವಾಗಿ, ಎರಡನೆಯ ದಿನದ ಹೊತ್ತಿಗೆ ತಾರಕಕ್ಕೇರುತ್ತದೆ, ವಾರದವರೆಗೂ ಎಳೆಯಬಹುದು. ಮಾತ್ರೆ ಬಿಟ್ಟ ನೋವು ಬೇರೆ. ಎರಡೂ ಕೂಡಿ ಮೂರನೆಯ ದಿನ ಸಂಜೆ ವಾಂತಿಯಾಗಿ, ಸ್ನಾನದ ಮನೆಯ ನೆಲದ ಮೇಲೆ ಕುಳಿತೇ ಎರಡು ಮಾತ್ರೆ ನುಂಗಿದೆ. ಎರಡನೆಯ ಪ್ರಯತ್ನದಲ್ಲಿ ಆರನೆಯ ದಿನ ನೋವು ಸ್ವಲ್ಪ ಇಳಿದಂತೆ ಕಂಡಿತು. ಇನ್ನು ಒಂದೇ ಒಂದು ನುಂಗಿದರೆ ಪೂರ್ತಿ ಹೋದೀತು ಎಂದುಕೊಂಡೆ. ಆ ಒಂದರ ಹಿಂದೆ ಉಳಿದವೆಲ್ಲ ಬಂದವು.

ಮೂರನೆಯ ಸಲ ಯುದ್ಧಕ್ಕೆ ಹೊರಟಂತೆ ತಯಾರಾದೆ. ಮೊದಲು ಕಾಫಿ. ಮೂರು ವಾರಗಳಲ್ಲಿ ದಿನಕ್ಕೆ ಆರು ಲೋಟದಿಂದ ಒಂದಕ್ಕೆ ಇಳಿಸಿದೆ. ಯಾವ ದಿನ ಎಷ್ಟು ಎಂಬ ಮೆಟ್ಟಿಲು ನನ್ನದೇ ಲೆಕ್ಕ, ಒಂದು ದಿನವೂ ತಲೆ ಸಿಡಿಯಲಿಲ್ಲ. ಆ ಮೆಟ್ಟಿಲನ್ನು ಸದ್ಯಕ್ಕೆ ನನ್ನ ಬಳಿಯೇ ಇಟ್ಟುಕೊಳ್ಳುತ್ತೇನೆ. ಆಮೇಲೆ ಅಮಿಟ್ರಿಪ್ಟಿಲಿನ್ ಎಂಬ ತಡೆ ಔಷಧ. ವೈದ್ಯರು 10 ಮಿಲಿಗ್ರಾಂನಿಂದ ಶುರು ಮಾಡಿ 25ಕ್ಕೆ ಏರಿಸಿದರು. ಮಲಗುವ ಹೊತ್ತಿಗೆ ತೆಗೆದುಕೊಂಡಾಗ ಬೆಳಗ್ಗೆ ಹತ್ತರವರೆಗೂ ಮಂಪರು ಬಿಡುತ್ತಿರಲಿಲ್ಲ. ಎರಡು ಗಂಟೆ ಮುಂಚೆ ತೆಗೆದುಕೊಳ್ಳತೊಡಗಿದ ಮೇಲೆ ಅದು ಸರಿಹೋಯಿತು. ಬಾಯಿ ಒಣಗುವುದು ಇಂದಿಗೂ ಇದೆ, ತೂಕವೂ ನಾಲ್ಕು ಕಿಲೋ ಏರಿತು. ಕಚೇರಿಯಲ್ಲಿ ಕೆಲಸ ಹಗುರವಿರುವ ವಾರ ನೋಡಿ ಒಂಬತ್ತು ದಿನ ರಜೆ ಹಾಕಿದೆ. ಕಷ್ಟದ ದಿನಗಳನ್ನು ದಾಟಲು ವೈದ್ಯರು ಎಣಿಸಿದ ದಿನಗಳಿಗೆ ಮಾತ್ರ ನ್ಯಾಪ್ರಾಕ್ಸೆನ್ ಎಂಬ ಬೇರೆ ನೋವಿನ ಮಾತ್ರೆ ಮತ್ತು ವಾಂತಿ ತಡೆಯುವ ಮಾತ್ರೆ ಬರೆದುಕೊಟ್ಟರು. ಒಂದು ಮಾತನ್ನು ಇಲ್ಲಿಯೇ ಹೇಳಬೇಕು. ನನ್ನ ಮಿಶ್ರಣದಲ್ಲಿ ಕೋಡೀನ್‌ನಂಥ ಅಫೀಮಿನ ವರ್ಗದ್ದಾಗಲಿ, ನಿದ್ರೆ ತರಿಸುವ ಬಾರ್ಬಿಟ್ಯುರೇಟ್ ಆಗಲಿ ಇರಲಿಲ್ಲ. ಅವು ಇರುವ ಮಾತ್ರೆಯನ್ನು ಮನೆಯಲ್ಲಿ ಒಮ್ಮೆಲೇ ನಿಲ್ಲಿಸುವುದು ಅಪಾಯ. ವೈದ್ಯರ ಕಣ್ಣಳತೆಯಲ್ಲೇ ಆಗಬೇಕು.

ಮೊದಲ ದಿನ ಸುಲಭವಾಗಿ ಕಳೆಯಿತು. ಎರಡರಿಂದ ಐದನೆಯ ದಿನದವರೆಗೆ ನರಕ. ಬೆಳಕು ಬೇಡ, ಮಾತು ಬೇಡ, ದಿಂಬಿಗೆ ತಲೆ ತಾಗಿದರೂ ನೋವು. ನಾಲ್ಕನೆಯ ರಾತ್ರಿ ಔಷಧವಲ್ಲದ ಒಂದು ಉಪಾಯ ನನ್ನನ್ನು ಉಳಿಸಿತು. ಅದನ್ನು ಇನ್ನೂ ಕೆಲವು ಸಲ ಪರೀಕ್ಷಿಸಿ ಖಚಿತವಾದ ಮೇಲಷ್ಟೇ ಬರೆಯುತ್ತೇನೆ. ಒಂದು ರಾತ್ರಿಯ ಅದೃಷ್ಟವನ್ನು ವಿಧಾನ ಎಂದು ಕೊಡಲು ಮನಸ್ಸಿಲ್ಲ. ಎಂಟನೆಯ ದಿನ ಬೆಳಗ್ಗೆ ಎದ್ದು ಮುಖ ತೊಳೆದು ಕಿಟಕಿಯ ಪರದೆ ಸರಿಸಿದೆ. ಬಿಸಿಲು ಕಣ್ಣಿಗೆ ಬಿತ್ತು. ಏನೂ ಆಗಲಿಲ್ಲ. ತಲೆಯನ್ನು ಎಡಕ್ಕೆ ಬಲಕ್ಕೆ ತಿರುಗಿಸಿ ನೋಡಿದೆ. ನೋವಿಲ್ಲ. ಅಮ್ಮನನ್ನು ಕರೆಯಲು ಹೋದರೆ ಗಂಟಲು ಕಟ್ಟಿತ್ತು.

ಅಲ್ಲಿಗೆ ಎಲ್ಲ ಮುಗಿಯಲಿಲ್ಲ. ಮೊದಲ ತಿಂಗಳು 19-20 ದಿನ ನೋವಿತ್ತು, ಎರಡನೆಯದರಲ್ಲಿ ಸುಮಾರು 14, ಮೂರನೆಯದರಲ್ಲಿ 9. ನಿಧಾನವಾಗಿ ಇಳಿಯಿತು. ಅಮಿಟ್ರಿಪ್ಟಿಲಿನ್ ಫಲ ಕೊಡಲು ಆರರಿಂದ ಎಂಟು ವಾರ ಬೇಕು ಎಂದಿದ್ದರು, ಅದು ಸರಿಯೇ ಆಯಿತು. ಅಷ್ಟರಲ್ಲಿ ನಾನು ನಿರೀಕ್ಷಿಸದ ಒಂದು ಸಂಗತಿ ನಡೆಯಿತು. ದಿನನಿತ್ಯದ ಆ ಮಂಜು ಸರಿದ ಮೇಲೆ ನನ್ನ ಹಳೆಯ ಮೈಗ್ರೇನ್ ಸ್ಪಷ್ಟವಾಗಿ ಕಾಣಿಸಿತು. ಅದೇ ಎಡ ಹುಬ್ಬು, ಅದೇ ಓಕರಿಕೆ, ಮೊದಲು ಒಂದು ಗಂಟೆ ಆಕಳಿಕೆ. ಹಿಂದೆ ಟ್ರಿಪ್ಟಾನ್ ನನಗೆ ನಾಟುವುದೇ ಇಲ್ಲ ಎಂದು ಬರೆದುಕೊಂಡಿದ್ದೆ. ಈಗ ಹುಬ್ಬಿನಲ್ಲಿ ಮಿಡಿತ ಶುರುವಾದ ಕೂಡಲೇ ತೆಗೆದುಕೊಂಡರೆ ಒಂದೂವರೆ ಗಂಟೆಯಲ್ಲಿ ಕೆಲಸಕ್ಕೆ ಮರಳುತ್ತೇನೆ. ವಾರಕ್ಕೆ ಎರಡು ದಿನ, ತಿಂಗಳಿಗೆ ಆರು ದಿನ. ಇದು ನಾನು ಹಾಕಿಕೊಂಡ ಗಡಿ. ವೈದ್ಯರು ಎಂಟಕ್ಕೂ ಒಪ್ಪಿದ್ದರು.

ನಡುವೆ ಮಾಡಿ ನೋಡಿದ ಪ್ರಯೋಗಗಳು ಹಲವು. ಮೆಗ್ನೀಸಿಯಂ 400 ಮಿಲಿಗ್ರಾಂವರೆಗೆ ಚೆನ್ನಾಗಿತ್ತು, 600ಕ್ಕೆ ಏರಿಸಿದಾಗ ಹೊಟ್ಟೆ ಕೆಟ್ಟಿತು. ರೈಬೊಫ್ಲೇವಿನ್ (ಬಿ2 ಜೀವಸತ್ವ) 400 ಮಿಲಿಗ್ರಾಂ ಮೂರು ತಿಂಗಳು ತೆಗೆದುಕೊಂಡೆ. ಮೂತ್ರ ಕಡು ಹಳದಿಯಾದದ್ದು ಬಿಟ್ಟರೆ ನನ್ನ ಲೆಕ್ಕದಲ್ಲಿ ಬದಲಾವಣೆ ಕಾಣಲಿಲ್ಲ. ಹಸಿರು ಬೆಳಕು ಮೈಗ್ರೇನ್ ಇರುವವರ ಕಣ್ಣಿಗೆ ಬೇರೆ ಬಣ್ಣಗಳಷ್ಟು ಚುಚ್ಚುವುದಿಲ್ಲ ಎಂದು ಓದಿ ಮಲಗುವ ಕೋಣೆಗೆ ಮಂದ ಹಸಿರು ದೀಪ ಹಾಕಿಸಿದೆ. ನೋವು ಕಡಿಮೆಯಾಯಿತೆಂದು ಹೇಳಲಾರೆ, ಆದರೆ ನೋವಿರುವಾಗ ಆ ಕೋಣೆಯಲ್ಲಿ ಕಣ್ಣು ತೆರೆದು ಕೂರಬಲ್ಲೆ. ನನಗೆ ಅದೇ ದೊಡ್ಡದು. ಗಾಳಿಯ ಒತ್ತಡವನ್ನು ಮೊಬೈಲಿನಲ್ಲಿ ಮೂರು ತಿಂಗಳು ಬರೆದಿಟ್ಟೆ. ನನ್ನ ನೋವಿಗೂ ಅದಕ್ಕೂ ಯಾವ ತಾಳೆಯೂ ಇರಲಿಲ್ಲ. ಈ ಎಲ್ಲಕ್ಕಿಂತ ಹೆಚ್ಚು ಫಲ ಕೊಟ್ಟದ್ದು ರಜಾದಿನವೂ ಅದೇ ಹೊತ್ತಿಗೆ ಏಳುವುದು. ಒಂದು ಕಾಸಿನ ಖರ್ಚಿಲ್ಲ. ವಾರಾಂತ್ಯದ ತಲೆನೋವು ಅದರಿಂದಲೇ ಅರ್ಧಕ್ಕರ್ಧ ಹೋಯಿತು.

ತಡೆ ಔಷಧವಾಗಿ ಬೊಟುಲಿನಮ್ ಟಾಕ್ಸಿನ್ (ಬೊಟಾಕ್ಸ್) ಚುಚ್ಚಿಸಿಕೊಳ್ಳುವ ಯೋಚನೆಯೂ ಇತ್ತು. ಹಣೆ, ಕಣತಲೆ, ಹಿಂದಲೆ, ಕತ್ತು, ಹೆಗಲು ಸೇರಿ 31 ಕಡೆ, ಒಟ್ಟು 155 ಯೂನಿಟ್, 12 ವಾರಕ್ಕೊಮ್ಮೆ. ಒಂದು ಸುತ್ತಿಗೆ ಒಂದೂವರೆ ತಿಂಗಳ ಸಂಬಳ ಕೇಳಿದರು. 2018ರಲ್ಲಿ ಅಮೆರಿಕದಲ್ಲಿ ಮೊದಲ ಬಾರಿಗೆ ಒಪ್ಪಿಗೆ ಪಡೆದ, ಮೈಗ್ರೇನ್ ನೋವಿನಲ್ಲಿ ಪಾತ್ರವಿರುವ ಸಿಜಿಆರ್‌ಪಿ ಎಂಬ ನರಗಳ ರಾಸಾಯನಿಕವನ್ನು ತಡೆಯುವ ಚುಚ್ಚುಮದ್ದಿನ ದರವನ್ನೂ ವಿಚಾರಿಸಿದೆ, ಅದೂ ಕೈಗೆಟುಕಲಿಲ್ಲ. ಆ ಔಷಧಗಳ ಬಗ್ಗೆ ನನಗೆ ತುಂಬಾ ಗೌರವವಿದೆ. ಸಿಜಿಆರ್‌ಪಿಗೂ ಮೈಗ್ರೇನ್‌ಗೂ ಇರುವ ನಂಟನ್ನು ಬಿಡಿಸಿ ತೋರಿಸಿದ ಲಾರ್ಸ್ ಎಡ್ವಿನ್ಸನ್, ಪೀಟರ್ ಗೋಡ್ಸ್‌ಬಿ ಮೊದಲಾದ ನಾಲ್ವರು ವಿಜ್ಞಾನಿಗಳಿಗೆ 2021ರಲ್ಲಿ ಮಿದುಳಿನ ಸಂಶೋಧನೆಗೆ ಕೊಡುವ ಬ್ರೈನ್ ಪ್ರಶಸ್ತಿ ಬಂದಾಗ ನನ್ನ ಮನೆಯವರಿಗೇ ಬಂದಷ್ಟು ಸಂತೋಷಪಟ್ಟಿದ್ದೆ. ಮಾತ್ರೆ ಪೂರ್ತಿ ನಿಲ್ಲಿಸದೆ, ತಡೆ ಔಷಧ ಶುರು ಮಾಡಿಯೇ ಗೆದ್ದವರೂ ಇದ್ದಾರೆ. ಕೈಯಲ್ಲಿ ಹಣವಿದ್ದಿದ್ದರೆ ನಾನೂ ಆ ದಾರಿಯಲ್ಲೇ ಹೋಗುತ್ತಿದ್ದೆನೇನೋ. ನನ್ನ ದಾರಿಗೆ ತಗಲಿದ್ದು ಒಂಬತ್ತು ದಿನದ ರಜೆ, ಮೂರು ಸಲದ ವೈದ್ಯರ ಶುಲ್ಕ ಮತ್ತು ಅಗ್ಗದ ಒಂದು ಹಳೆಯ ಮಾತ್ರೆ. ಮಿಶ್ರಣದ ಮಾತ್ರೆಗಳಿಗೆ ನಾಲ್ಕು ತಿಂಗಳಲ್ಲಿ ಸುರಿಯುತ್ತಿದ್ದ ಹಣದಲ್ಲೇ ಇದೆಲ್ಲ ಮುಗಿದಿತ್ತು.

ಹನ್ನೊಂದನೆಯ ತಿಂಗಳಲ್ಲಿ ಒಂದು ಪೆಟ್ಟು ತಿಂದೆ. ದವಡೆಯ ಹಲ್ಲಿಗೆ ಬೇರು ಚಿಕಿತ್ಸೆಯಾಗಿ, ಅದರ ನೋವಿಗೆ 12-13 ದಿನ ಮಾತ್ರೆ ನುಂಗಬೇಕಾಯಿತು. ಹಲ್ಲಿಗೆ ನುಂಗಿದ್ದಲ್ಲವೇ, ತಲೆಗೇನು ಎಂದುಕೊಂಡಿದ್ದೆ. ಮುಂದಿನ ತಿಂಗಳು ತಲೆನೋವಿನ ದಿನಗಳು 5ರಿಂದ 10ಕ್ಕೆ ಏರಿದವು. ಯಾವ ಅಂಗಕ್ಕೆಂದು ನುಂಗಿದರೂ ಮಾತ್ರೆ ಮಾತ್ರೆಯೇ ಎಂದು ಅಂದಿನಿಂದ ಎಲ್ಲವನ್ನೂ ಒಂದೇ ಅಂಕಣದಲ್ಲಿ ಬರೆಯುತ್ತೇನೆ. ಎರಡು ತಿಂಗಳಲ್ಲಿ ಲೆಕ್ಕ ಮತ್ತೆ ಕೆಳಗಿಳಿಯಿತು. ಇದನ್ನು ನೋಡಿದ ಮೇಲೆಯೇ ಅಣ್ಣ ನನ್ನ ಮಾತನ್ನು ನಂಬಿದ್ದು. ತನ್ನ ಕೈಚೀಲದ ಪಟ್ಟಿಗಳನ್ನು ತಂದು ನನ್ನೆದುರಿಗೇ ಎಣಿಸಿದ. ಅವನದು 17 ದಿನ ಬಂತು. ಅವನನ್ನು ಮುಂದಿನ ವಾರ ಅದೇ ವೈದ್ಯರ ಬಳಿಗೆ ಕರೆದೊಯ್ಯುತ್ತಿದ್ದೇನೆ.

ಮನೆಯಲ್ಲಿ ಈಗ ಒಂದೇ ಪಟ್ಟಿ ಇರುತ್ತದೆ, ಅದೂ ಅಮ್ಮನ ಬಳಿ. ತೆಗೆದುಕೊಂಡ ಪ್ರತಿ ಮಾತ್ರೆಯ ಗುಳಿಯ ಪಕ್ಕದಲ್ಲಿ ತಾರೀಖು ಬರೆಯುತ್ತೇನೆ, ಕ್ಯಾಲೆಂಡರಿನಲ್ಲಿ ಗೀಟು ಹಾಕುತ್ತೇನೆ. ಇಂದು 21ನೆಯ ತಾರೀಖು. ಮೂರು ಗೀಟು ಬಿದ್ದಿವೆ.