ಒಂದು ಹೊಲ, ಮೂರು ಬೆಳೆ, ಒಂದು ಮೊಬೈಲು

ಗದಗ ತಾಲೂಕಿನ ನಮ್ಮೂರಲ್ಲಿ ಮೂರು ಮುಂಗಾರಿನಿಂದ ಬೆಳೆ ಸಮೀಕ್ಷೆ ಮಾಡುತ್ತಿದ್ದೇನೆ, ಅಂದರೆ ಯಾವ ಹೊಲದಲ್ಲಿ ಯಾವ ಬೆಳೆ ಇದೆ ಅಂತ ನೋಡಿ ಸರ್ಕಾರಕ್ಕೆ ದಾಖಲಿಸುವ ಕೆಲಸ. ಸರ್ಕಾರದ ಲೆಕ್ಕದಲ್ಲಿ ನಾನು ‘ಖಾಸಗಿ ನಿವಾಸಿ’, ಅಂದರೆ ನೌಕರನಲ್ಲ, ಈ ಕೆಲಸಕ್ಕೆ ತೆಗೆದುಕೊಂಡ ಊರಿನವ. ಊರವರ ಬಾಯಲ್ಲಿ ‘ಫೋಟೋ ಹೊಡಿಯೋ ಹುಡುಗ’. ಹೊಲಕ್ಕೆ ಇಷ್ಟು ಅಂತ ರೊಕ್ಕ. ಅದರಲ್ಲಿ ಮನೆ ನಡೆಯುವುದಿಲ್ಲ, ಪೆಟ್ರೋಲ್ ಖರ್ಚು ನಡೆಯುತ್ತದೆ.

ಮೊದಲು ಇದು ತಲಾಟಿಯವರ, ಅಂದರೆ ಗ್ರಾಮ ಲೆಕ್ಕಿಗರ ಕೆಲಸ. 2000ರ ಸುಮಾರಿಗೆ ಸರ್ಕಾರದ ‘ಭೂಮಿ’ ಯೋಜನೆ ಬಂದು ಕೈಬರಹದ ಉತಾರ, ಅಂದರೆ ಪಹಣಿಗಳೆಲ್ಲ ಕಂಪ್ಯೂಟರ್ ಸೇರಿದವು. ಆದರೆ ಯಾವ ಹೊಲದಲ್ಲಿ ಏನು ಬೆಳೆ ಇದೆ ಅಂತ ಯಾರಾದರೂ ಕಾಲಲ್ಲಿ ನಡೆದು ಹೋಗಿಯೇ ನೋಡಬೇಕಲ್ವಾ? ಒಬ್ಬರ ಕೈಗೆ ಎಷ್ಟೋ ಊರು, ಎಲ್ಲ ಬದು ತುಳಿಯೋಕೆ ಯಾರಿಂದಾದೀತು? ನಾವು ಶೇಂಗಾ ಬಿತ್ತುವುದು ಬಿಟ್ಟು ಹತ್ತು ವರ್ಷ ಆದರೂ ಉತಾರದಲ್ಲಿ ಮಾತ್ರ ಶೇಂಗಾ ಬೆಳೆಯುತ್ತಲೇ ಇತ್ತು ಅಂತ ನಮ್ಮಪ್ಪ ಇವತ್ತಿಗೂ ನಗುತ್ತಾರೆ.

ಈಗ ಇದಕ್ಕೆ ಸರ್ಕಾರದ ಆಪ್ ಇದೆ. ರೈತರೇ ತಮ್ಮ ಹೊಲದ್ದು ತಾವೇ ಹಾಕಬಹುದು. ಹಾಕದೆ ಉಳಿದದ್ದು ನಮ್ಮ ಪಾಲಿಗೆ, ಅಂದರೆ ಬಹುಪಾಲು ನಮ್ಮ ಪಾಲಿಗೇ. ಹಿಂದಿನ ರಾತ್ರಿ ಮನೆಯಲ್ಲಿ ಸಿಗ್ನಲ್ ಇರುವಾಗ ಊರಿನ ನಕ್ಷೆ ಇಳಿಸಿಕೊಳ್ಳುತ್ತೇನೆ. ಬೆಳಿಗ್ಗೆ ಹೊಲಕ್ಕೆ ಹೋಗಿ ಸರ್ವೆ ನಂಬರು, ಹಿಸ್ಸಾ ಆರಿಸಿ, ಹೊಲದ ಗಡಿಯ ಒಳಗೆ ನಿಂತು ಬೆಳೆ, ವಿಸ್ತೀರ್ಣ, ನೀರಾವರಿಯೋ ಮಳೆಯಾಶ್ರಿತವೋ ಅಂತ ತುಂಬಿ ಫೋಟೋ ತೆಗೆಯುವುದು. ಬದುವಿನ ಹತ್ತಿರ ಜಿಪಿಎಸ್ ನಂಬಬೇಡಿ. ನಾಲ್ಕು ಹೆಜ್ಜೆ ಆಚೀಚೆ ತೋರಿಸಿ ಪಕ್ಕದವರ ಹೊಲದಲ್ಲಿ ನಿಲ್ಲಿಸಿಬಿಡುತ್ತದೆ. ನಾನು ಹೊಲದ ನಟ್ಟನಡುವೆ ಹೋಗಿಯೇ ಮೊಬೈಲ್ ತೆಗೆಯುವುದು.

ಹೇಳೋಕೆ ಸುಲಭ. ಮಳೆ ಬಿದ್ದ ಎರೆ ಹೊಲದಲ್ಲಿ ಚಪ್ಪಲಿ ಹಾಕಿದರೆ ಹತ್ತು ಹೆಜ್ಜೆಗೆ ಒಂದೊಂದು ಕಾಲಿಗೆ ಎರಡೆರಡು ಕಿಲೋ ಮಣ್ಣು. ಚಪ್ಪಲಿ ಬದುವಿನ ಮೇಲೆ ಬಿಟ್ಟು ಬರಿಗಾಲಲ್ಲೇ ಹೋಗಬೇಕು. ಒದ್ದೆ ಬೆರಳಿಗೆ ಸ್ಕ್ರೀನ್ ಮಾತು ಕೇಳುವುದಿಲ್ಲ. ಅದಕ್ಕೇ ಒಂದು ಒಣ ಟವೆಲ್ಲನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಅಂಗಿಯೊಳಗೆ ಇಟ್ಟುಕೊಂಡಿರುತ್ತೇನೆ. ಪವರ್ ಬ್ಯಾಂಕಿಗಿಂತ ಆ ಟವೆಲ್ಲೇ ಜಾಸ್ತಿ ಕೆಲಸಕ್ಕೆ ಬಂದಿದೆ.

ಮೊದಲ ವರ್ಷ ಎರಡು ತಪ್ಪು ಮಾಡಿದೆ. ಒಂದು, ಊರ ಹತ್ತಿರದ ಹೊಲಗಳಿಂದ ಶುರು ಮಾಡಿದ್ದು. ಹೆಸರುಕಾಳು ಎರಡು ತಿಂಗಳ ಬೆಳೆ. ನಾನು ದೂರದ ಹೊಲ ಮುಟ್ಟುವಷ್ಟರಲ್ಲಿ ಹೆಸರು ಕಿತ್ತು, ರಾಶಿ ಮುಗಿಸಿ, ಕಡಲೆಗೆ ಅಂತ ಹರಗಿಬಿಟ್ಟಿದ್ದರು. ಬರೀ ಮಣ್ಣಿನ ಫೋಟೋ ತೆಗೆದು ಏನು ಬರೆಯುವುದು? ಬೆಂಬಲ ಬೆಲೆಗೆ ಮಾಲು ಕೊಡುವಾಗ ಇದೇ ದಾಖಲೆ ನೋಡುತ್ತಾರೆ. ಈಗ ಹೆಸರಿನ ಹೊಲ ಎಷ್ಟು ದೂರ ಇದ್ದರೂ ಮೊದಲು ಅಲ್ಲಿಗೆ. ಗೋವಿನಜೋಳ ಎಲ್ಲಿಗೂ ಓಡಿ ಹೋಗುವುದಿಲ್ಲ, ಕಾಯುತ್ತದೆ.

ಎರಡನೆಯದು ದೊಡ್ಡದು. ನಮ್ಮ ಕಡೆ ಒಂದೇ ಹೊಲದಲ್ಲಿ ಮೆಣಸಿನಕಾಯಿ, ಉಳ್ಳಾಗಡ್ಡಿ, ಹತ್ತಿ ಮೂರನ್ನೂ ಹಾಕುತ್ತಾರೆ. ಉಳ್ಳಾಗಡ್ಡಿ ಮೊದಲು ಕೈಗೆ ಬರುತ್ತದೆ, ಆಮೇಲೆ ಮೆಣಸಿನಕಾಯಿ, ಕೊನೆಗೆ ಹತ್ತಿ. ಒಂದು ಕೈಕೊಟ್ಟರೆ ಇನ್ನೊಂದು ಕೈಹಿಡಿಯಲಿ ಅನ್ನುವ ಲೆಕ್ಕ. ನಾನು ಅಂಥದ್ದೊಂದು ಹೊಲಕ್ಕೆ ಹೋದಾಗ ಮೇಲೆದ್ದು ಕಾಣುತ್ತಿದ್ದದ್ದು ಉಳ್ಳಾಗಡ್ಡಿ. ಮೆಣಸಿನ ಸಸಿ ಗೇಣುದ್ದವೂ ಇರಲಿಲ್ಲ. ಮಳೆ ಬೇರೆ ಬರುವಂತಿತ್ತು. ಸುಮ್ನೆ ಉಳ್ಳಾಗಡ್ಡಿ ಅಂತ ಒತ್ತಿ, ಫೋಟೋ ತೆಗೆದು ಮುಂದೆ ಹೋದೆ.

ಒಂದು ತಿಂಗಳ ಮೇಲೆ ಆ ಹೊಲದ ಕಾಕಾ ಮನೆಗೇ ಬಂದರು. ಸಮೀಕ್ಷೆಯಲ್ಲಿ ಏನು ದಾಖಲಾಗಿದೆ ಅಂತ ರೈತರಿಗೆ ತೋರಿಸುವ ‘ಬೆಳೆ ದರ್ಶಕ’ ಆಪ್‌ನಲ್ಲಿ ಅವರ ಮಗ ನೋಡಿದ್ದನಂತೆ.

"ಏನ್ ತಮ್ಮಾ, ನನ್ನ ಮೆಣಸಿನಕಾಯಿ ಎಲ್ಲಿ ಹೋತು?"

"ಕಾಕಾ, ಉಳ್ಳಾಗಡ್ಡಿ ಕಂಡ್ತು, ಅದನ್ನ ಹಾಕೀನಿ."

"ನಾ ವಿಮಾ ಕಟ್ಟಿದ್ದು ಮೆಣಸಿನಕಾಯಿಗೆ. ನಿನ್ನ ಕಣ್ಣಿಗೆ ಬೀಳಲಿಲ್ಲ ಅಂತ ನನ್ನ ಹೊಲದಾಗ ಇಲ್ಲೇನು?"

ನನಗೆ ನಾಚಿಕೆಯಾಯಿತು. ಕೇಂದ್ರದ ಬೆಳೆ ವಿಮೆ ಯೋಜನೆ ಫಸಲ್ ಬಿಮಾದಲ್ಲಿ ಮುಂಗಾರಿನ ಹೆಸರು, ಶೇಂಗಾಕ್ಕೆ ರೈತನ ಕಂತು ಹೆಚ್ಚೆಂದರೆ ಶೇ. 2, ಮೆಣಸಿನಕಾಯಿಯಂಥ ವಾಣಿಜ್ಯ, ತೋಟಗಾರಿಕೆ ಬೆಳೆಗೆ ಶೇ. 5ರವರೆಗೆ. ಅಷ್ಟು ರೊಕ್ಕ ಕಟ್ಟಿದ ಮೇಲೆ ವಿಮೆಯಲ್ಲಿ ಒಂದು ಬೆಳೆ, ಸಮೀಕ್ಷೆಯಲ್ಲಿ ಇನ್ನೊಂದು ಅಂತಾದರೆ ಅರ್ಜಿ ತಿರಸ್ಕಾರ ಆಗಬಹುದು. ಪುಣ್ಯಕ್ಕೆ ಆಕ್ಷೇಪಣೆಗೆ ಇನ್ನೂ ದಿನ ಇತ್ತು. ಅದೇ ಆಪ್‌ನಲ್ಲಿ ಆಕ್ಷೇಪಣೆ ಹಾಕಿಸಿದೆ. ಅಧಿಕಾರಿಗಳು ಹೊಲಕ್ಕೆ ಬಂದು ನೋಡಿ ಸರಿ ಮಾಡಿದರು. ಅವತ್ತು ನಾನೂ ಜೊತೆಗೆ ಹೋಗಿದ್ದೆ, ತಲೆ ತಗ್ಗಿಸಿಕೊಂಡು.

ಆಮೇಲಿಂದ ಮಿಶ್ರ ಬೆಳೆ ಹೊಲಕ್ಕೆ ರೈತರು ಇಲ್ಲದೆ ಕಾಲಿಡುವುದಿಲ್ಲ. ಹಿಂದಿನ ಸಂಜೆ ಫೋನ್ ಮಾಡುತ್ತೇನೆ. ಏನೇನು ಬಿತ್ತಿದ್ದೀರಿ, ವಿಮೆ ಯಾವುದಕ್ಕೆ ಕಟ್ಟಿದ್ದೀರಿ ಅಂತ ಮೊದಲೇ ಕೇಳುತ್ತೇನೆ. ವಿಮೆ ಕಟ್ಟಿದ್ದೇ ಬರೆಯಬೇಕು ಅಂತಲ್ಲ, ಎಲ್ಲಿ ಸರಿಯಾಗಿ ಹುಡುಕಬೇಕು ಅಂತ ಗೊತ್ತಾಗಲಿ ಅಂತ. ಹೊಲದಲ್ಲಿ ಇಲ್ಲದ ಬೆಳೆ ಹಾಕು ಅಂತ ಬೆನ್ನು ಹತ್ತುವವರೂ ಇದ್ದಾರೆ. ಅವರಿಗೆ ನಾನು ಹೇಳುವುದು ಒಂದೇ, ಗಿಡ ತೋರಿಸ್ರಿ, ಫೋಟೋ ಹೊಡೀತೀನಿ. ಆಮೇಲೆ ಒಂದು ಕಡೆಯಿಂದ ಸಾಲು ಎಣಿಸುತ್ತೇನೆ. ಎಷ್ಟು ಸಾಲು ಮೆಣಸಿನಕಾಯಿಗೆ ಒಂದು ಸಾಲು ಹತ್ತಿ, ನಡುವೆ ಉಳ್ಳಾಗಡ್ಡಿ ಎಷ್ಟು ಒತ್ತಾಗಿದೆ, ಅದರ ಮೇಲೆ ಗುಂಟೆ ಲೆಕ್ಕ. ಮೊಬೈಲಿಗೆ ಸಾಲು ಎಣಿಸೋಕೆ ಬರುವುದಿಲ್ಲ, ಕಾಕಾನಿಗೆ ಬರುತ್ತದೆ. ಕುಕ್ಕರುಗಾಲಲ್ಲಿ ಕೂತು ಉಳ್ಳಾಗಡ್ಡಿಯ ಎಲೆ ಸರಿಸಿ, ಸಣ್ಣ ಮೆಣಸಿನ ಸಸಿ ಕಾಣುವ ಹಾಗೆ ಹತ್ತಿರದಿಂದ ಒಂದು ಫೋಟೋ, ನಿಂತು ಇಡೀ ಹೊಲದ್ದು ಇನ್ನೊಂದು.

ಈ ಮುಂಗಾರಿಗೆ ಕಾಕಾನ ಹೊಲಕ್ಕೆ ಹೋದಾಗ ಅವರೇ ಮೊದಲು ಬಂದು ಬದುವಿನ ಮೇಲೆ ಕೂತಿದ್ದರು. ಎಲೆ ಸರಿಸಿ ಹಿಡಿದುಕೊಂಡು, "ಈಗ ಕಾಣ್ತತೇನ್ ನೋಡು" ಅಂದರು. ಫೋಟೋದಲ್ಲಿ ಅವರ ಎರಡು ಬೆರಳೂ ಬಂದಿವೆ. ಹಾಗೇ ಅಪ್‌ಲೋಡ್ ಮಾಡಿದೆ.