ಕಡಲತಳದ ಮರಳು ದಿಬ್ಬ: ನಕಾಶೆ ಮೊದಲು, ಮಾದರಿ ಆಮೇಲೆ

ದ್ವೀಪದ ಸುತ್ತ ಜಗುಲಿಯಂತೆ ಚಾಚಿಕೊಂಡಿರುವ ಆಳವಿಲ್ಲದ ಕಡಲತಳದಲ್ಲಿ ನುಣುಪು ಕೆಸರು ನಿಲ್ಲುವುದು ಕಡಿಮೆ. ಅಲೆಯೂ ಉಬ್ಬರವಿಳಿತದ ಸೆಳೆತವೂ ಅದನ್ನು ತೊಳೆದೊಯ್ದು ದಪ್ಪ ಮರಳು, ಗರಸು, ಒಡೆದ ಚಿಪ್ಪು, ಹವಳದ ಚೂರುಗಳನ್ನು ಉಳಿಸುತ್ತವೆ. ಸೆಳೆತ ಬಲವಾಗಿರುವ ಕಡೆ ಇವೇ ದಿಬ್ಬಗಳಾಗುತ್ತವೆ. ಇಂಥಲ್ಲಿ ಕಾಗದದ ಮೇಲೆ ಚೌಕುಳಿ ಎಳೆದು, ಗೆರೆ ಕೂಡಿದಲ್ಲೆಲ್ಲ ಗ್ರ್ಯಾಬ್ (ತಂತಿಯಲ್ಲಿ ಇಳಿಸಿ ತಳದ ಮಾದರಿಯನ್ನು ಬಾಚಿ ತರುವ ಸಾಧನ) ಬಿಟ್ಟರೆ ಕೆಲಸ ಕೆಟ್ಟ ಹಾಗೆಯೇ. ಒಂದೇ ದಿಬ್ಬದ ನೆತ್ತಿಯಲ್ಲಿ ಸೋಸಿಟ್ಟಂಥ ಮರಳಿದ್ದರೆ, ಪಕ್ಕದ ತಗ್ಗಿನಲ್ಲಿ ಬರೀ ಗರಸು, ಚಿಪ್ಪು ಇರುವುದು ಸಾಮಾನ್ಯ. ಎರಡನ್ನೂ ಸೇರಿಸಿ ತೆಗೆದ ಸರಾಸರಿ ಆ ಕಡಲತಳದಲ್ಲಿ ಎಲ್ಲಿಯೂ ಇರುವುದಿಲ್ಲ.

ಆದ್ದರಿಂದ ಮೊದಲು ಮಲ್ಟಿಬೀಮ್ ಸೋನಾರ್: ದೋಣಿಯಿಂದ ಬೀಸಣಿಗೆಯಂತೆ ಹಲವು ಶಬ್ದಕಿರಣಗಳನ್ನು ಬಿಟ್ಟು, ತಳದ ಒಂದು ಪಟ್ಟಿಯ ಆಳವನ್ನು ಒಟ್ಟಿಗೇ ಅಳೆಯುವ ಸಾಧನ. 30 ಮೀಟರ್ ಆಳದಲ್ಲಿ 1 ಡಿಗ್ರಿ ಅಗಲದ ಕಿರಣ ದೋಣಿಯ ನೇರ ಕೆಳಗೆ ಸುಮಾರು ಅರ್ಧ ಮೀಟರ್ ಜಾಗವನ್ನು ನೋಡುತ್ತದೆ. 60 ಡಿಗ್ರಿ ಓರೆಯಲ್ಲಿ ಅದೇ ಕಿರಣದ ಗುರುತು ಅಡ್ಡಲಾಗಿ 2 ಮೀಟರ್ ದಾಟುತ್ತದೆ. ಸಣ್ಣ ದಿಬ್ಬಗಳು ಬೇಕೆಂದರೆ ಎರಡೂ ಬದಿ 45 ಡಿಗ್ರಿಗೆ ನಿಲ್ಲಿಸಿ. ಆಗ ಪಟ್ಟಿಯ ಅಗಲ 60 ಮೀಟರ್. ಸಾಲುಗಳ ನಡುವೆ 45 ಮೀಟರ್ ಬಿಟ್ಟರೆ ಕಾಲು ಭಾಗ ಒಂದರ ಮೇಲೊಂದು ಬರುತ್ತದೆ. ನೀರಿನಲ್ಲಿ ಶಬ್ದದ ವೇಗವನ್ನು ಕೆಲಸಕ್ಕೆ ಮುಂಚೆ ಮಾತ್ರವಲ್ಲ, ಉಬ್ಬರ ತಿರುಗಿದಾಗಲೂ ಅಳೆಯಿರಿ. ಅದು ತಪ್ಪಿದರೆ ಪಟ್ಟಿಯ ಎರಡೂ ಅಂಚು ಮೇಲಕ್ಕೋ ಕೆಳಕ್ಕೋ ಬಾಗಿ, ಸಪಾಟು ನೆಲವೂ ದೋಣಿಯ ಹೊಟ್ಟೆಯಂತೆ ಕಾಣುತ್ತದೆ.

ಎಲ್ಲಕ್ಕಿಂತ ಮೋಸಗೊಳಿಸುವುದು ಸುಳ್ಳು ದಿಬ್ಬ. ದೋಣಿ 5 ನಾಟ್ ವೇಗದಲ್ಲಿ, ಅಂದರೆ ಸೆಕೆಂಡಿಗೆ ಸುಮಾರು 2.6 ಮೀಟರ್ ಹೋಗುತ್ತಿದ್ದು, 8 ಸೆಕೆಂಡಿಗೊಮ್ಮೆ ಏರಿಳಿಯುತ್ತಿದೆ ಎನ್ನಿ. ಏರಿಳಿತದ ತಿದ್ದುಪಡಿ ಸರಿಯಿಲ್ಲದಿದ್ದರೆ ನಕಾಶೆಯಲ್ಲಿ 20 ಮೀಟರಿಗೊಂದರಂತೆ ಅಚ್ಚುಕಟ್ಟಾದ ‘ದಿಬ್ಬ’ಗಳು ಮೂಡುತ್ತವೆ. ನಿಜವಾದ ದಿಬ್ಬಕ್ಕೂ ಅದೇ ಅಳತೆ ಇರಬಹುದು, ಹಾಗಾಗಿ ಕಣ್ಣಿಗೆ ವ್ಯತ್ಯಾಸ ತಿಳಿಯದು. ಅದೇ ಜಾಗವನ್ನು ಅಡ್ಡಸಾಲಿನಲ್ಲಿ, ಬೇರೆ ವೇಗದಲ್ಲಿ ಮತ್ತೊಮ್ಮೆ ಹಾಯಿರಿ. ನಿಜವಾದ ದಿಬ್ಬ ಕದಲುವುದಿಲ್ಲ. ಸುಳ್ಳಿನದು ಯಾವಾಗಲೂ ದೋಣಿಯ ದಾರಿಗೆ ಅಡ್ಡಲಾಗಿಯೇ ನಿಲ್ಲುತ್ತದೆ.

ನಕಾಶೆ ನಂಬುವಂತಾದ ಮೇಲೆ ನೆತ್ತಿಗೆ ಲಂಬವಾಗಿ ಸೀಳುನೋಟ ತೆಗೆದು ಉದ್ದ, ಎತ್ತರ ಅಳೆಯಿರಿ. 1990ರ ಆಶ್ಲಿ ವರ್ಗೀಕರಣದಂತೆ ನೆತ್ತಿಯಿಂದ ನೆತ್ತಿಗೆ 0.6ರಿಂದ 5 ಮೀಟರ್ ಇದ್ದರೆ ಸಣ್ಣದು, 10ರವರೆಗೆ ಮಧ್ಯಮ, 100ರವರೆಗೆ ದೊಡ್ಡದು, ಅದರಾಚೆ ಬಹು ದೊಡ್ಡದು. ಎತ್ತರಕ್ಕೆ ಫ್ಲೆಮಿಂಗ್ 1988ರಲ್ಲಿ ಕೊಟ್ಟ ಸೂತ್ರ ಸಾಕು: ಉದ್ದದ 0.8098ನೇ ಘಾತವನ್ನು 0.0677ರಿಂದ ಗುಣಿಸಿ. 40 ಮೀಟರ್ ಉದ್ದಕ್ಕೆ ಸುಮಾರು 1.3 ಮೀಟರ್ ಬರುತ್ತದೆ. ನಿಮ್ಮ ದಿಬ್ಬ ಅದರ ಅರ್ಧವೂ ಇಲ್ಲದೆ, ತಗ್ಗಿನಲ್ಲಿ ಗರಸೋ ಬಂಡೆಯೋ ಬತ್ತಲಾಗಿದ್ದರೆ ಅಲ್ಲಿ ಮರಳಿನ ಕೊರತೆ ಇದೆ ಎಂದು ಅನುಮಾನಿಸಬಹುದು. ಕಡಿದಾದ ಬದಿ ದಿಬ್ಬ ಸಾಗುವ ದಿಕ್ಕನ್ನು ತೋರಿಸುತ್ತದೆ. ಆದರೆ ಬೆನ್ನ ಮೇಲಿನ ಮರಿ ದಿಬ್ಬಗಳನ್ನು ಇದಕ್ಕೆ ನೆಚ್ಚಬೇಡಿ. ಉಬ್ಬರ ಇಳಿತಕ್ಕೆ ತಿರುಗಿದಾಗ ಅವೂ ಮುಖ ತಿರುಗಿಸುತ್ತವೆ.

ಈಗ ಗ್ರ್ಯಾಬ್. ಅಷ್ಟಮಿಯ ಆಸುಪಾಸಿನ ಮಂದ ಉಬ್ಬರದಲ್ಲಿ, ಸೆಳೆತ ನಿಂತ ಹೊತ್ತಿಗೇ ಇಳಿಸಿ. ಕಾರಣ ಲೆಕ್ಕದಲ್ಲೇ ಇದೆ: 30 ಮೀಟರ್ ಆಳದಲ್ಲಿ ತಂತಿ 20 ಡಿಗ್ರಿ ವಾಲಿದರೂ ಗ್ರ್ಯಾಬ್ ಸುಮಾರು 11 ಮೀಟರ್ ಆಚೆ ಬೀಳುತ್ತದೆ. 20 ಮೀಟರ್ ಉದ್ದದ ದಿಬ್ಬದಲ್ಲಿ ನೆತ್ತಿಗೆಂದು ಬಿಟ್ಟದ್ದು ತಗ್ಗಿಗೆ ಹೋಯಿತು! ನೆತ್ತಿ, ಬೆನ್ನು, ತಗ್ಗು, ಪ್ರತಿಯೊಂದರಲ್ಲೂ ಮೂರು ಸಲ ತೆಗೆಯಿರಿ. ಮೊದಲು ಕ್ಯಾಮೆರಾ ಇಳಿಸಿ ನೋಡಿ. ಜೀವಂತ ಹವಳ ಕಂಡರೆ ಅಲ್ಲಿ ಗ್ರ್ಯಾಬ್ ಹಾಕಲೇಬೇಡಿ.

ವ್ಯಾನ್ ವೀನ್ ಗ್ರ್ಯಾಬ್ ಮರಳಿಗೆ ಚೆನ್ನ, ಗರಸಿಗೆ ಅಲ್ಲ. ದವಡೆಗಳ ನಡುವೆ ಒಂದು ಕಲ್ಲು ಸಿಕ್ಕಿಕೊಂಡರೆ ಮೇಲೆ ಬರುವಷ್ಟರಲ್ಲಿ ನುಣ್ಣನೆಯದೆಲ್ಲ ಸೋರಿ, ಉಳಿದದ್ದು ಇರುವುದಕ್ಕಿಂತ ದಪ್ಪವಾಗಿ ಕಾಣುತ್ತದೆ. ದವಡೆ ಪೂರ್ತಿ ಮುಚ್ಚದೆ ಬಂದ ಮಾದರಿಯನ್ನು ಮರುಕವಿಲ್ಲದೆ ಚೆಲ್ಲಿ. ಗರಸಿಗೆ ಹ್ಯಾಮನ್ ಗ್ರ್ಯಾಬ್ ವಾಸಿ: ಅದರ ಬಾನಿ ತಿರುಗುತ್ತಾ ಗೋರಿ, ತಟ್ಟೆಗೆ ಒತ್ತಿ ಮುಚ್ಚಿಕೊಳ್ಳುತ್ತದೆ. ಪದರಗಳೆಲ್ಲ ಕಲಸಿಹೋಗುವುದು ಅದಕ್ಕೆ ತೆರುವ ಬೆಲೆ.

ಎಷ್ಟು ಬೇಕು? ಅತಿ ದೊಡ್ಡ ಕಲ್ಲು ಒಟ್ಟು ತೂಕದ ನೂರರಲ್ಲೊಂದು ಭಾಗ ಮೀರಬಾರದು ಎಂಬ ಅಂದಾಜು ಇಟ್ಟುಕೊಳ್ಳಿ. 32 ಮಿಲಿಮೀಟರಿನ ಉರುಟುಗಲ್ಲು ಸುಮಾರು 45 ಗ್ರಾಂ, ಅದಕ್ಕೆ 4.5 ಕಿಲೋ ಬೇಕು. 64 ಮಿಲಿಮೀಟರಿನದಾದರೆ 36 ಕಿಲೋ. ಒಂದು ಗ್ರ್ಯಾಬಿನಲ್ಲಿ ಆಗುವ ಮಾತಲ್ಲ. ಅಂಥ ಕಲ್ಲುಗಳನ್ನು ತಳದ ಚಿತ್ರದಲ್ಲೇ ಅಳೆಯುವುದು ಲೇಸು.

ಸಿಹಿನೀರಿನಲ್ಲಿ ಉಪ್ಪು ತೊಳೆದು, 105 ಡಿಗ್ರಿಯಲ್ಲಿ ಒಣಗಿಸಿ, ಜರಡಿಗಳ ಸಾಲಿನಲ್ಲಿ 10ರಿಂದ 15 ನಿಮಿಷ ಅಲುಗಿಸಿ. ಹೆಚ್ಚು ಅಲುಗಿಸಿದರೆ ಚಿಪ್ಪು ಒಡೆದು, ಕಡಲಲ್ಲಿ ಇಲ್ಲದ ಪುಡಿ ತಟ್ಟೆಯಲ್ಲಿ ಹುಟ್ಟಿಕೊಳ್ಳುತ್ತದೆ. 2 ಮಿಲಿಮೀಟರಿನ ಮೇಲೆ ನಿಂತದ್ದು ಗರಸು. ಇನ್ನೊಂದು ಪಾಲನ್ನು ತೂಗಿ, ಗಾಳಿಯಾಡುವ ಕಡೆ ಶೇ. 10ರ ಹೈಡ್ರೋಕ್ಲೋರಿಕ್ ಆಮ್ಲವನ್ನು ಸ್ವಲ್ಪಸ್ವಲ್ಪವೇ ಹಾಕಿ. ನೊರೆ ನಿಂತ ಮೇಲೆ ತೊಳೆದು, ಒಣಗಿಸಿ ತೂಗಿದರೆ ಇಳಿದ ತೂಕವೇ ಸುಣ್ಣದಂಶ. ಇದನ್ನು ಬಿಡಬೇಡಿ: ಚಪ್ಪಟೆ ಚಿಪ್ಪು, ತೂತುತೂತಾದ ಹವಳದ ಚೂರು ಅದೇ ಗಾತ್ರದ ಬೆಣಚು ಹರಳಿಗಿಂತ ನಿಧಾನವಾಗಿ ತಳ ಸೇರುತ್ತವೆ. ಜರಡಿಯ ಅಂಕಿಯನ್ನು ಹಾಗೆಯೇ ಸೂತ್ರಕ್ಕೆ ಹಾಕಿದರೆ, ಅವನ್ನು ಕದಲಿಸಲು ಎಷ್ಟು ಸೆಳೆತ ಬೇಕೆಂಬ ಲೆಕ್ಕ ತಪ್ಪುತ್ತದೆ.

ದಿಬ್ಬ ಸರಿದಿದೆಯೇ ಎಂದು ನೋಡಲು ಎರಡನೇ ಸಲ ಅಳೆದಾಗ, ಎರಡೂ ನಕಾಶೆಯಲ್ಲಿ ಕಾಣುವ ಒಂದು ಬಂಡೆಯನ್ನು ಹಿಡಿದುಕೊಳ್ಳಿ. ಬಂಡೆಯೇ ಒಂದೂವರೆ ಮೀಟರ್ ‘ಸರಿದಿದ್ದರೆ’, ಅಷ್ಟರೊಳಗಿನ ದಿಬ್ಬದ ಚಲನೆಯನ್ನು ವರದಿಯಲ್ಲಿ ಬರೆಯುವಂತಿಲ್ಲ.