ಕಾಣದ ಚಿತ್ರವನ್ನು ತಿದ್ದಿಸುವ ಬಗೆ

ಕಾಫಿ ತೋಟದ ಚಿತ್ರ ಮಾಡಿಕೊಡು ಎಂದು ಎಐಗೆ ಹೇಳಿದರೆ ನನಗೆ ಮೊದಲ ಸಲ ಬರುವುದು ಹೆಚ್ಚುಕಡಿಮೆ ಟೀ ತೋಟವೇ. ಗುಡ್ಡದ ಮೇಲೆ ಬಾಚಣಿಗೆಯಲ್ಲಿ ಬಾಚಿದ ಹಾಗೆ ಸಾಲು ಸಾಲು ಗಿಡ, ಮೇಲೆ ಬಟಾಬಯಲು ಬಿಸಿಲು, ನೆರಳಿಗೆ ಒಂದು ಮರ ಇಲ್ಲ. ನಮ್ಮ ಸೋಮವಾರಪೇಟೆ ಕಡೆಯ ತೋಟ ಕಂಡವರು ಯಾರೂ ಅದನ್ನು ಕೊಡಗು ಅನ್ನುವುದಿಲ್ಲ. ಇಲ್ಲಿ ಕಾಫಿ ಬೆಳೆಯುವುದು ಸಿಲ್ವರ್ ಓಕ್, ಹಾಲುವಾಣ, ಹಲಸು, ಅತ್ತಿ ಮರಗಳ ಅಡಿಯಲ್ಲಿ. ಮರಕ್ಕೆ ಕರಿಮೆಣಸಿನ ಬಳ್ಳಿ ಹಬ್ಬಿರುತ್ತದೆ, ಮರಗಸಿ, ಅಂದರೆ ನೆರಳಿನ ಮರದ ಕೊಂಬೆ ಸವರುವ ಕೆಲಸ, ಆದ ಮೇಲೂ ಬಿಸಿಲು ನೆಲಕ್ಕೆ ಚುಕ್ಕೆ ಚುಕ್ಕೆಯಾಗಿಯೇ ಬೀಳುತ್ತದೆ. ಈ ತಪ್ಪನ್ನು ನಾನು ಪ್ರತಿ ಸಲ ಹಿಡಿಯುತ್ತೇನೆ. ಆದರೆ ಪರದೆಯ ಮೇಲಿನ ಚಿತ್ರ ನನಗೆ ಕಾಣುವುದಿಲ್ಲ. ಕಾಣದೆ ಹಿಡಿಯುವುದು ಹೇಗೆ, ಹಿಡಿದ ಮೇಲೆ ತಿದ್ದಿಸುವುದು ಹೇಗೆ ಎಂಬುದನ್ನು ನನ್ನ ಹಾಗೆ ಕಣ್ಣು ಮಂದವಾದ ಕಲಾವಿದರಿಗೆ ಉಪಯೋಗವಾಗಲಿ ಎಂದು ಬರೆಯುತ್ತಿದ್ದೇನೆ.

ನನ್ನದು ರೆಟಿನೈಟಿಸ್ ಪಿಗ್ಮೆಂಟೋಸಾ. ಚಿಕ್ಕವಳಿದ್ದಾಗ ಅದು ಇರುಳುಗುರುಡಾಗಿ ಶುರುವಾಯಿತು; ಮುಸ್ಸಂಜೆಯಾದರೆ ತೋಟದ ದಾರಿಯಲ್ಲಿ ಅಮ್ಮನ ಸೆರಗು ಹಿಡಿದೇ ನಡೆಯಬೇಕಿತ್ತು. ಈ ಕಾಯಿಲೆಯಲ್ಲಿ ಅಕ್ಷಿಪಟಲದ ಕೋಶಗಳ ಪೈಕಿ ಮಂದ ಬೆಳಕಿನಲ್ಲಿ ಕೆಲಸ ಮಾಡುವವು ಮೊದಲು ಹಾಳಾಗುತ್ತವೆ, ಬಣ್ಣ ಗುರುತಿಸುವವು ಆಮೇಲೆ. ನೋಟ ಅಂಚಿನಿಂದ ಒಳಗೆ ಕುಗ್ಗುತ್ತಾ ಬರುತ್ತದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಪ್ರಕಾರ ನೋಟದ ಹರವು 40 ಡಿಗ್ರಿಗಿಂತ ಕಡಿಮೆಯಾದರೆ ಮಂದದೃಷ್ಟಿ, 10 ಡಿಗ್ರಿಗಿಂತಲೂ ಕಡಿಮೆಯಾದರೆ ಅಂಧತ್ವ. ನಾನು ಮೊದಲನೆಯದನ್ನು ದಾಟಿ ಎರಡನೆಯದಕ್ಕೆ ಬಂದಿದ್ದೇನೆ. ಅದಕ್ಕೆ ಮೊದಲು ಹೋಂಸ್ಟೇಗಳ ಗೋಡೆಗೆ, ಮದುವೆ ಕಾಗದಗಳಿಗೆ ಜಲವರ್ಣದಲ್ಲಿ ಚಿತ್ರ ಬರೆದುಕೊಡುತ್ತಿದ್ದೆ. ಕುಂಚದ ತುದಿ ಕಂಡರೆ ಕಾಗದದ ಅಂಚು ಕಾಣದು ಎನ್ನುವ ಹಂತಕ್ಕೆ ಬಂದಾಗ ಅದು ನಿಂತುಹೋಯಿತು. ಆ ದಿನಗಳಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಶಾಂತಿನಿಕೇತನದ ಬಿನೋದ್ ಬಿಹಾರಿ ಮುಖರ್ಜಿಯವರ ಬದುಕು. 1950ರ ದಶಕದಲ್ಲಿ ಕಣ್ಣು ಪೂರ್ತಿ ಹೋದ ಮೇಲೆ ಅವರು ಕಾಗದ ಕತ್ತರಿಸಿ ಅಂಟಿಸಿ ಚಿತ್ರ ಮಾಡಿದರು, 1972ರಲ್ಲಿ ಕಲಾಭವನದ ಗೋಡೆಗೆ ಟೈಲ್ ಭಿತ್ತಿಚಿತ್ರವನ್ನೂ ಮಾಡಿದರು.

ನನ್ನ ಸಲಕರಣೆ ಸರಳ. ಫೋನಿನ ಪರದೆಯಲ್ಲಿ ಇರುವುದನ್ನು ಟಾಕ್‌ಬ್ಯಾಕ್ ಕನ್ನಡದಲ್ಲೇ ಓದಿ ಹೇಳುತ್ತದೆ. ಲ್ಯಾಪ್‌ಟಾಪಿನಲ್ಲಿ ಅದೇ ಕೆಲಸಕ್ಕೆ ಎನ್‌ವಿಡಿಎ ಇದೆ. ಆಸ್ಟ್ರೇಲಿಯಾದ ಇಬ್ಬರು ಅಂಧ ಪ್ರೋಗ್ರಾಮರ್‌ಗಳು ಕಟ್ಟಿದ್ದು, ದುಡ್ಡು ಕೊಡಬೇಕಿಲ್ಲ. ಚಿತ್ರ ಮಾಡಿಸಲು ಚಾಟ್‌ಜಿಪಿಟಿ ಅಥವಾ ಜೆಮಿನಿ, ಎರಡಕ್ಕೂ ಕನ್ನಡದಲ್ಲಿ ಹೇಳಿದರೆ ಸಾಕು. ಬಂದ ಚಿತ್ರದಲ್ಲಿ ಏನಿದೆ ಎಂದು ಕೇಳಲು ಬೀ ಮೈ ಐಸ್. ಅದು 2015ರಲ್ಲಿ ಕಣ್ಣಿರುವ ಸ್ವಯಂಸೇವಕರನ್ನು ವಿಡಿಯೋ ಕರೆಯಲ್ಲಿ ಸೇರಿಸಿಕೊಡುವ ಆ್ಯಪ್ ಆಗಿ ಬಂತು, 2023ರಿಂದ ಎಐ ವಿವರಣೆಯೂ ಇದೆ.

ಪ್ರಾಂಪ್ಟ್, ಅಂದರೆ ಎಂಥ ಚಿತ್ರ ಬೇಕು ಎಂದು ಎಐಗೆ ಹೇಳುವ ಮಾತು, ಬರೆಯುವುದಕ್ಕೆ ಮೊದಲು ನಾನು ಗಿಡದ ಹತ್ತಿರ ಹೋಗುತ್ತೇನೆ. ಹೂ ಅರಳಿಸುವ ಬೇಸಿಗೆ ಮಳೆ, ಅಂದರೆ ಹೂಮಳೆ, ಬಿದ್ದು ಎಂಟು ಹತ್ತು ದಿನಕ್ಕೆ ಕಾಫಿ ಹೂ ಬಿರಿಯುತ್ತದೆ, ಎರಡು ಮೂರು ದಿನದಲ್ಲಿ ಬಾಡುತ್ತದೆ. ಅಷ್ಟರೊಳಗೆ ರೆಂಬೆಯನ್ನು ಬುಡದಿಂದ ತುದಿಯವರೆಗೆ ಬೆರಳಾಡಿಸಿ ನೋಡಬೇಕು. ಎಲೆ ಜೋಡಿ ಜೋಡಿಯಾಗಿ ಎದುರುಬದುರು. ಮೇಲ್ಮೈ ನುಣುಪು, ಅಂಚು ಅಲೆಅಲೆ. ಹೂ ಇರುವುದು ರೆಂಬೆಯ ತುದಿಯಲ್ಲಲ್ಲ, ಒಂದೊಂದು ಗೆಣ್ಣಿನಲ್ಲಿ, ಎಲೆಯ ಬುಡಕ್ಕೆ ಒತ್ತಿಕೊಂಡು ಗೊಂಚಲಾಗಿ. ತೊಟ್ಟು ಇದೆಯೋ ಇಲ್ಲವೋ ಅನ್ನುವಷ್ಟು ಗಿಡ್ಡ. ಇದನ್ನೆಲ್ಲ ಅಲ್ಲೇ ನಿಂತು ಫೋನಿಗೆ ಹೇಳಿ ಉಳಿಸಿಕೊಳ್ಳುತ್ತೇನೆ. ಹಿಂದೆ ಸ್ಕೆಚ್‌ಬುಕ್ ಮಾಡುತ್ತಿದ್ದ ಕೆಲಸವನ್ನು ಈಗ ಈ ಧ್ವನಿಟಿಪ್ಪಣಿ ಮಾಡುತ್ತದೆ. ಪ್ರಾಂಪ್ಟ್ ಹುಟ್ಟುವುದು ಇದರಿಂದಲೇ: "ಅಡ್ಡಕ್ಕೆ ಚಾಚಿದ ಒಂದೇ ಕಾಫಿ ರೆಂಬೆ. ಎಲೆ ಎದುರುಬದುರು. ಪ್ರತಿ ಗೆಣ್ಣಿನಲ್ಲಿ ಬಿಳಿ ಹೂವಿನ ದಟ್ಟ ಗೊಂಚಲು, ತುದಿ ಖಾಲಿ. ಹಣ್ಣು ಬೇಡ. ಹಿಂದೆ ದೊಡ್ಡ ಮರಗಳ ಕಾಂಡ, ಬಳ್ಳಿ. ಮಳೆ ನಿಂತ ಮೇಲಿನ ಬೂದು ಬೆಳಕು."

ಕಷ್ಟ ಶುರುವಾಗುವುದು ಇಲ್ಲಿಂದ ಮುಂದೆ. ವಿವರಿಸುವ ಎಐಗೆ ನಾವು ಹೇಳಿದ್ದಕ್ಕೆಲ್ಲ ತಲೆಯಾಡಿಸುವ ಗುಣ ಇದೆ. "ಹೂ ಎಲೆಯ ಬುಡದಲ್ಲಿದೆಯಾ?" ಎಂದು ಕೇಳಿದರೆ "ಹೌದು, ಸುಂದರವಾಗಿ ಅರಳಿವೆ" ಅನ್ನುತ್ತದೆ. ಅದೇ ಚಿತ್ರವನ್ನು ಹೊಸ ಚಾಟ್‌ಗೆ ಹಾಕಿ "ಹೂ ರೆಂಬೆಯ ಯಾವ ಭಾಗದಲ್ಲಿದೆ?" ಎಂದು ಕೇಳಿದರೆ "ರೆಂಬೆಗಳ ತುದಿಯಲ್ಲಿ" ಅನ್ನುತ್ತದೆ. ಹಾಗಾಗಿ ಚಿತ್ರ ಮಾಡಿದ ಚಾಟ್‌ನಲ್ಲಿ ನಾನು ವಿವರಣೆ ಕೇಳುವುದೇ ಇಲ್ಲ. ಅಲ್ಲಿ ನನ್ನ ಪ್ರಾಂಪ್ಟ್ ಅದರ ಕಣ್ಣಮುಂದೆಯೇ ಇರುತ್ತದೆ, ಅದನ್ನೇ ಚಂದ ಮಾಡಿ ಒಪ್ಪಿಸಿಬಿಡುತ್ತದೆ. ಉತ್ತರ ಒಳಗೇ ಇರುವ ಪ್ರಶ್ನೆ ಕೇಳುವುದಿಲ್ಲ. "ನೆರಳಿನ ಮರ ಇದೆಯಾ" ಅನ್ನುವ ಬದಲು "ಗಿಡಗಳ ಮೇಲ್ಗಡೆ ಏನಿದೆ" ಅನ್ನುತ್ತೇನೆ. ಆಮೇಲೆ ಚಿತ್ರವನ್ನು ಮೂರು ಅಡ್ಡ, ಮೂರು ಉದ್ದವಾಗಿ ಒಂಬತ್ತು ಭಾಗ ಮಾಡಿಸಿ ಒಂದೊಂದರಲ್ಲಿ ಏನಿದೆ ಎಂದು ಹೇಳಿಸುತ್ತೇನೆ. "ರಮಣೀಯ", "ಮನಮೋಹಕ" ಎಂಬ ಮಾತು ಬಳಸಬೇಡ ಎಂದು ಮೊದಲೇ ಹೇಳಿಬಿಡುವುದು ಒಳ್ಳೆಯದು. ಆ ಮಾತಿನಿಂದ ಕಾಣದವರಿಗೆ ಏನೂ ಸಿಗುವುದಿಲ್ಲ.

ಒಂದೇ ಪ್ರಾಂಪ್ಟಿಗೆ ನಾಲ್ಕು ಚಿತ್ರ ಬಂದಾಗ ಯಾವುದನ್ನು ಆರಿಸುವುದು? ಅಮೆರಿಕದ ಟೆಕ್ಸಸ್ ವಿಶ್ವವಿದ್ಯಾಲಯದ ಸಂಶೋಧಕರು 2023ರಲ್ಲಿ ಜೆನ್‌ಅಸಿಸ್ಟ್ ಎಂಬ ವ್ಯವಸ್ಥೆಯನ್ನು ಅಂಧರಿಗೆಂದೇ ರೂಪಿಸಿದರು. ಪ್ರಾಂಪ್ಟಿನಲ್ಲಿ ಹೇಳಿದ್ದು ಚಿತ್ರದಲ್ಲಿ ಬಂದಿದೆಯೇ, ಹೇಳದೆ ಏನು ಸೇರಿಕೊಂಡಿದೆ, ನಾಲ್ಕರ ನಡುವೆ ವ್ಯತ್ಯಾಸ ಏನು ಎಂದು ಅದು ತಾನಾಗಿ ಪ್ರಶ್ನೆ ಹುಟ್ಟಿಸಿ ಉತ್ತರಿಸುತ್ತದೆ. ಆ ಮೂರು ಪ್ರಶ್ನೆಗಳನ್ನು ನಾನು ಕೈಯಾರೆ ಕೇಳಿಕೊಳ್ಳುತ್ತೇನೆ. ಎರಡನೆಯದು ಬಹಳ ಮುಖ್ಯ. ಕೇಳದೆ ಸೇರಿಕೊಂಡದ್ದೇ ಚಿತ್ರ ಕೆಡಿಸುವುದು ಹೆಚ್ಚು.

ಎಐ ದಾಟಿಸಿಬಿಟ್ಟದ್ದನ್ನು ಅತ್ತಿಗೆ ಹಿಡಿಯುತ್ತಾರೆ.

"ಅತ್ತಿಗೆ, ಬಲಗಡೆ ಅಂಚಲ್ಲಿ ಏನಿದೆ ನೋಡಿ."

"ಹಣ್ಣಿನ ಗೊಂಚಲು ಕಣಮ್ಮಾ, ಕೆಂಪಗೆ."

"ಹೂವಿನ ಜೊತೆಗೇ?"

"ಹೂಂ, ಅದೇ ರೆಂಬೆಲಿ."

ಹೂ ಬರುವುದು ಮಾರ್ಚ್, ಏಪ್ರಿಲ್ ಹೊತ್ತಿಗೆ. ಅರೇಬಿಕಾ ಹಣ್ಣಾಗುವುದು ನವೆಂಬರ್ ಸುಮಾರಿಗೆ. ಕಾಫಿ ಎಂದರೆ ಕೆಂಪು ಹಣ್ಣು ಎಂದು ಎಐ ಕಲಿತುಬಿಟ್ಟಿದೆ, ಹಾಗಾಗಿ ಬೇಡ ಎಂದರೂ ತಂದು ಇಡುತ್ತದೆ. ಆ ಚಿತ್ರ ಎಷ್ಟೇ ಚೆನ್ನಾಗಿದ್ದರೂ ನಾನು ಬಿಟ್ಟುಬಿಡುತ್ತೇನೆ.

ಸುಗ್ಗಿ ಹಬ್ಬ ಪುತ್ತರಿಗೆಂದು ಒಂದು ಕೊಡವ ಕುಟುಂಬ ಚಿತ್ರ ಕೇಳಿದಾಗ ಸೀರೆ ತುಂಬಾ ಸತಾಯಿಸಿತು. ಕೊಡವರ ಉಡುಗೆಯಲ್ಲಿ ನೆರಿಗೆ ಬೆನ್ನ ಕಡೆಗೆ. ಎಐ ಅದನ್ನು ಮತ್ತೆ ಮತ್ತೆ ಮುಂದಕ್ಕೆ ತಂದಿತು. ಅದು ಕಂಡ ಸೀರೆಗಳೆಲ್ಲ ಬಹುಶಃ ಹಾಗೇ ಇದ್ದವು. "ಕೊಡವ ಸೀರೆ" ಎಂಬ ಹೆಸರು ಕೈಬಿಟ್ಟು, ಬೆನ್ನು ತೋರಿಸಿ ಗದ್ದೆಯ ಕಡೆಗೆ ನಡೆಯುವ ಹೆಂಗಸು, ಸೊಂಟದ ಹಿಂಭಾಗದಿಂದ ಕೆಳಗೆ ಹರಡಿದ ನೆರಿಗೆ ಎಂದು ಆಕಾರವನ್ನೇ ಹೇಳಿದ ಮೇಲೆ ಬಂತು. ಗಂಡಸರು ಸೊಂಟಕ್ಕೆ ಸುತ್ತುವ ಚೇಲೆಗೆ ಮುಂದೆ ಸಿಕ್ಕಿಸುವ ಗಿಡ್ಡ ಬಾಕು ಪೀಚೆಕತ್ತಿ ಮಾತ್ರ ಕೊನೆಗೂ ಸರಿಹೋಗಲಿಲ್ಲ, ಉದ್ದ ಖಡ್ಗವಾಗಿ ಪಕ್ಕಕ್ಕೆ ಜೋತುಬೀಳುತ್ತಿತ್ತು. ಗಂಡಸರನ್ನು ಚಿತ್ರದಿಂದಲೇ ತೆಗೆಸಿದೆ. ಆ ಮನೆಯ ಅಜ್ಜಿ ನೋಡಿ ಒಪ್ಪಿದ ಮೇಲೆಯೇ ಪ್ರಿಂಟ್ ಹಾಕಿಸಿದ್ದು. ಒಂದು ಜನದ ಆಚಾರವನ್ನು ಅಂದಾಜಿನಲ್ಲಿ ಬರೆಯುವುದಕ್ಕೆ ನನಗೆ ಮನಸ್ಸು ಬರುವುದಿಲ್ಲ.

ಇಷ್ಟಾದರೂ ಅದು ಕಿವಿಯಿಂದ ಕೇಳಿದ ಚಿತ್ರ ಮಾತ್ರ. ಮುಟ್ಟದೆ ನಾನು ಯಾವುದನ್ನೂ ಮುಗಿಸುವುದಿಲ್ಲ. ಕಪ್ಪು ಗೆರೆ ಬಿಸಿ ತಾಗಿದರೆ ಉಬ್ಬುವ ವಿಶೇಷ ಕಾಗದ ಸಿಗುತ್ತದೆ, ಆದರೆ ಅದೂ ಅದರ ಯಂತ್ರವೂ ದುಬಾರಿ. ನಾವು ಮನೆಯಲ್ಲಿ ಮಾಡುವುದು ಹೀಗೆ. ಅದೇ ಚಿತ್ರದ ದಪ್ಪ ಗೆರೆಯ ರೇಖಾಚಿತ್ರವನ್ನು ಎಐಯಿಂದ ಮಾಡಿಸಿ ಪ್ರಿಂಟ್ ತೆಗೆಯುತ್ತೇವೆ. ಮೆಹಂದಿ ಕೋನ್‌ಗೆ ಫೆವಿಕಾಲ್ ತುಂಬಿ ಅತ್ತಿಗೆ ಗೆರೆಯ ಮೇಲೆ ಎಳೆಯುತ್ತಾರೆ. ಬೇಸಿಗೆಯಲ್ಲಿ ರಾತ್ರಿ ಕಳೆಯುವುದರೊಳಗೆ ಒಣಗುತ್ತದೆ. ಮಳೆಗಾಲದಲ್ಲಿ ಒಲೆಯ ಹತ್ತಿರ ಇಡಲೇಬೇಕು. ಒಣಗಿದ ಗೆರೆಯ ಮೇಲೆ ಎರಡೂ ಅಂಗೈ ಇಟ್ಟಾಗ ಯಾವ ವಿವರಣೆಯೂ ಹೇಳದ್ದು ತಿಳಿಯುತ್ತದೆ. ರೆಂಬೆ ಕಾಗದದ ನಟ್ಟನಡುವೆ ಬಿದ್ದುಕೊಂಡಿದೆ, ಎಡಕ್ಕೆ ಉಸಿರಾಡಲು ಜಾಗವಿಲ್ಲ, ಕೆಳಗೆ ಗೊಂಚಲು ಕಿಕ್ಕಿರಿದು ಮೇಲೆ ಬರಿದಾಗಿದೆ. ಕುಂಚ ಹಿಡಿದಿದ್ದಾಗ ನಾನು ತೂಗಿ ನೋಡುತ್ತಿದ್ದದ್ದು ಇದನ್ನೇ. ರೆಂಬೆಯನ್ನು ಕೆಳಗಿನ ಮೂರನೇ ಒಂದು ಭಾಗಕ್ಕೆ ಇಳಿಸು, ಬಲತುದಿ ಚೌಕಟ್ಟಿನ ಆಚೆ ಹೋಗಲಿ ಎಂದು ಮತ್ತೆ ಹೇಳಿಸಿ, ಮತ್ತೆ ಗೆರೆ ಎಳೆಸಿ, ಮತ್ತೆ ಮುಟ್ಟುತ್ತೇನೆ. ಮೆಷಿನ್ನೇ ಬರೆಯಿತಲ್ಲ ಎಂದು ಕೇಳುವವರಿಗೆ ನಾನು ಈ ಉಬ್ಬು ಹಾಳೆಗಳ ಕಟ್ಟನ್ನು ಕೈಗೆ ಕೊಡುತ್ತೇನೆ.

ಈ ಸಾಧನಗಳು ಸಾವಿರಾರು ಕಲಾವಿದರ ಕೆಲಸವನ್ನು ಅವರನ್ನು ಕೇಳದೆ ಕಲಿತಿವೆ ಎಂಬ ಸಂಕಟ ನನಗೂ ಇದೆ. ಅದಕ್ಕೇ ಬದುಕಿರುವ ಯಾವ ಕಲಾವಿದರ ಹೆಸರನ್ನೂ ಪ್ರಾಂಪ್ಟಿನಲ್ಲಿ ಬಳಸುವುದಿಲ್ಲ. ಬರೀ ಪ್ರಾಂಪ್ಟ್ ಕೊಟ್ಟ ಮಾತ್ರಕ್ಕೆ ಕರ್ತೃತ್ವ ಬರುವುದಿಲ್ಲ ಎಂದು ಅಮೆರಿಕದ ಕಾಪಿರೈಟ್ ಕಚೇರಿ 2025ರ ಜನವರಿಯ ವರದಿಯಲ್ಲಿ ಹೇಳಿತು. ಅದು ನ್ಯಾಯ ಅನ್ನಿಸುತ್ತದೆ. ಪ್ರಿಂಟಿನ ಹಿಂದೆ "ಎಐ ನೆರವಿನಿಂದ ಮಾಡಿದ್ದು" ಎಂದು ಬರೆಸುತ್ತೇನೆ, ಹಳೆಯ ಜಲವರ್ಣಕ್ಕೆ ಕೇಳುತ್ತಿದ್ದ ಬೆಲೆ ಇದಕ್ಕೆ ಕೇಳುವುದಿಲ್ಲ.

ಶುರು ಮಾಡುವವರಿಗೆ ಇನ್ನೊಂದು ಮಾತು. ಕೆಲವು ಚಿತ್ರದ ಆ್ಯಪ್‌ಗಳಲ್ಲಿ ಗುಂಡಿಗಳಿಗೆ ಹೆಸರೇ ಇರುವುದಿಲ್ಲ. ಟಾಕ್‌ಬ್ಯಾಕ್ "ಬಟನ್, ಬಟನ್" ಎಂದಷ್ಟೇ ಓದುತ್ತದೆ. ಡಿಲೀಟ್ ಯಾವುದು, ಸೇವ್ ಯಾವುದು ತಿಳಿಯುವುದಿಲ್ಲ. ಟಾಕ್‌ಬ್ಯಾಕ್ ಮೆನುವಿನಲ್ಲಿ ಲೇಬಲ್ ಸೇರಿಸುವ ಅವಕಾಶ ಇದೆ. ಕಣ್ಣಿರುವವರನ್ನು ಒಮ್ಮೆ ಪಕ್ಕದಲ್ಲಿ ಕೂರಿಸಿಕೊಂಡು ಸಾಧ್ಯವಾದ ಗುಂಡಿಗಳಿಗೆಲ್ಲ ಹೆಸರು ಕೊಟ್ಟುಕೊಳ್ಳಿ. ಜೊತೆಗೆ ಆ ಆ್ಯಪಿನವರಿಗೆ ಬರೆಯಿರಿ. ಅಂಥ ಒಂದಕ್ಕೆ ನಾನು ಬರೆದಿದ್ದೆ, ಮುಂದೊಂದು ಅಪ್‌ಡೇಟ್‌ನಲ್ಲಿ ಗುಂಡಿಗಳಿಗೆ ಹೆಸರು ಬಂದವು.